ಆಸ್ಟ್ರೇಲಿಯಾದ ಸಾಂಪ್ರದಾಯಿಕ ಆಹಾರ ಮತ್ತು ಹೊರಗಿನವರ ನಾಲಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ಮನೆಯಲ್ಲಿ ಕೆಲವು ತಿಂಗಳು ಇದ್ದು ಹೋಗಲು ಬರುವ ತಂದೆತಾಯಂದಿರು, ಓದಲು ಬರುವ ವಿದ್ಯಾರ್ಥಿಗಳು, ಊರಿನಿಂದ ಬರೆದು ವಿಚಾರಿಸುವ ಬಂಧುಗಳು ಇಲ್ಲಿನ ಊಟತಿಂಡಿಯ ಬಗ್ಗೆ ಕೇಳುವ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಆರಿಸಿ, ಕೇಳಿದವರ ಮಾತಿನಲ್ಲಿಯೇ ಇರಿಸಿ, ಇಲ್ಲಿ ಉತ್ತರಿಸಿದ್ದೇನೆ. ನಾನು ಸ್ವತಃ ತಿನ್ನದ ಪದಾರ್ಥಗಳ ರುಚಿಯನ್ನು ಹೇಳುವಾಗ ಅವನ್ನು ಬಾಲ್ಯದಿಂದ ತಿಂದವರ ವರ್ಣನೆಯನ್ನೇ ಅನುಸರಿಸಿದ್ದೇನೆ.

## ಮೊದಲ ಪರಿಚಯಕ್ಕೆ

"ಆಸ್ಟ್ರೇಲಿಯಾಕ್ಕೆ ತನ್ನದೇ ಅಡುಗೆ ಅಂತ ಇದೆಯೇ? ಎಲ್ಲವೂ ಇಂಗ್ಲೆಂಡಿನದೇ ಅಲ್ಲವೇ?"

ಇಂಗ್ಲೆಂಡಿನ ಪಾಲು ದೊಡ್ಡದು, ಆದರೆ ಅದು ಇತ್ತೀಚಿನದು. ಈ ಖಂಡದಲ್ಲಿ ಮೂಲನಿವಾಸಿಗಳು 50,000 ವರ್ಷಗಳಿಗೂ ಹಿಂದಿನಿಂದ ಬೇಟೆಯಾಡಿ, ಮೀನು ಹಿಡಿದು, ಗೆಡ್ಡೆ ಅಗೆದು, ಬೀಜ ಬೀಸಿ, ಕೆಂಡದಲ್ಲಿ ಸುಟ್ಟು ಉಂಡಿದ್ದಾರೆ. ಬ್ರಿಟಿಷರ ಹಡಗುಗಳು ಕೈದಿಗಳನ್ನು ಹೊತ್ತು ಸಿಡ್ನಿಗೆ ಬಂದದ್ದು 1788ರಲ್ಲಿ. ಅವರೊಂದಿಗೆ ಗೋಧಿಹಿಟ್ಟು, ಉಪ್ಪು ಹಾಕಿದ ಮಾಂಸ, ಸಕ್ಕರೆ, ಚಹಾ ಬಂದವು. ಕುರಿ ಮತ್ತು ದನಗಳ ಮಂದೆಗಳು ಬೆಳೆದವು. 1850ರ ದಶಕದಲ್ಲಿ ಚಿನ್ನದ ಗಣಿಗಳಿಗೆ ಬಂದ ಚೀನಿಯರು, ಎರಡನೆಯ ಮಹಾಯುದ್ಧದ ನಂತರ ಬಂದ ಇಟಲಿ ಮತ್ತು ಗ್ರೀಸ್ ದೇಶದವರು, ಆಮೇಲೆ ವಿಯೆಟ್ನಾಂ, ಲೆಬನಾನ್, ಭಾರತದವರು ತಮ್ಮ ತಮ್ಮ ಒಲೆಗಳನ್ನು ಸೇರಿಸಿದರು. ಹೊರಗಿನವರು "ಆಸ್ಟ್ರೇಲಿಯಾದ ತಿಂಡಿ" ಎಂದು ಹೆಸರಿಸುವ ವೆಜಿಮೈಟ್, ಲ್ಯಾಮಿಂಗ್ಟನ್, ಪಾವ್ಲೋವಾ, ಮೀಟ್ ಪೈ ಮೊದಲಾದವು ಬ್ರಿಟಿಷ್ ಬೇರಿನಿಂದ ಚಿಗುರಿ ಇಲ್ಲಿ ಬೇರೆಯೇ ರೂಪ ಪಡೆದ ತಿನಿಸುಗಳು. ನನ್ನ ಅಭಿಪ್ರಾಯದಲ್ಲಿ ಈ ನೆಲದ ನಿಜವಾದ ಸಾಂಪ್ರದಾಯಿಕ ಆಹಾರವೆಂದರೆ ಮೂಲನಿವಾಸಿಗಳದ್ದು. ಆಶ್ಚರ್ಯವೆಂದರೆ, ಕನ್ನಡ ನಾಡಿನವರಿಗೆ ಹೆಚ್ಚು ಪರಿಚಿತವೆನಿಸುವ ರುಚಿಗಳೂ ಅದರಲ್ಲಿಯೇ ಇವೆ.

"ಮೊದಲ ತುತ್ತಿಗೇ ಎಲ್ಲರೂ ಮುಖ ಕಿವುಚುತ್ತಾರಲ್ಲ, ಏಕೆ?"

ಹೆಚ್ಚಿನ ಸಲ ತಪ್ಪು ಪದಾರ್ಥದ್ದಲ್ಲ, ಪ್ರಮಾಣದ್ದು. ನಮ್ಮ ಮಿಡಿ ಉಪ್ಪಿನಕಾಯಿಯ ರಸವನ್ನು ಹೊರದೇಶದವರೊಬ್ಬರು ಚಮಚದ ತುಂಬ ತೆಗೆದುಕೊಂಡು, ಅನ್ನ ಮೊಸರು ಯಾವುದೂ ಇಲ್ಲದೆ ಬಾಯಿಗೆ ಹಾಕಿಕೊಂಡರೆ ಏನಾಗುತ್ತದೆ ಎಂದು ಯೋಚಿಸಿದರೆ ಇದು ಅರ್ಥವಾಗುತ್ತದೆ. ಎರಡನೆಯ ಕಾರಣ ನಿರೀಕ್ಷೆ. ಕಪ್ಪಗೆ ಹೊಳೆಯುವ ವೆಜಿಮೈಟ್ ಲೇಹವನ್ನು ಕಂಡಾಗ ಕಣ್ಣು ಚಾಕೊಲೇಟ್ ಎಂದು ಹೇಳಿರುತ್ತದೆ, ನಾಲಿಗೆಗೆ ಉಪ್ಪು ಸಿಗುತ್ತದೆ. ಆ ಬೆಚ್ಚಿಬೀಳುವಿಕೆಯನ್ನೇ ನಾವು ಕೆಟ್ಟ ರುಚಿ ಎಂದು ಕರೆದುಬಿಡುತ್ತೇವೆ.

"ನಾವು ಶುದ್ಧ ಸಸ್ಯಾಹಾರಿಗಳು. ನಮಗೆ ಏನಾದರೂ ಉಂಟೇ?"

ಸಾಕಷ್ಟು ಉಂಟು, ಆದರೆ ಪೊಟ್ಟಣದ ಹಿಂದಿನ ಪಟ್ಟಿಯನ್ನು ಓದುವ ಅಭ್ಯಾಸ ಬೇಕು, ಏಕೆಂದರೆ ಭಾರತದ ಹಸಿರು ಚುಕ್ಕೆಯಂಥ ಕಡ್ಡಾಯ ಗುರುತು ಇಲ್ಲಿಲ್ಲ. ವೆಜಿಮೈಟ್‌ನಲ್ಲಿ ಪ್ರಾಣಿಮೂಲದ ಯಾವ ಪದಾರ್ಥವೂ ಇಲ್ಲ. ಆ್ಯನ್ಜಾಕ್ ಬಿಸ್ಕತ್ತಿನಲ್ಲಿ ಬೆಣ್ಣೆ ಇದೆ, ಮೊಟ್ಟೆ ಇಲ್ಲ. ಡ್ಯಾಂಪರ್ ಎಂಬ ಕೆಂಡದ ರೊಟ್ಟಿ ಹಿಟ್ಟು ನೀರುಗಳದ್ದು. ಲ್ಯಾಮಿಂಗ್ಟನ್‌ನಲ್ಲಿಯೂ ಪಾವ್ಲೋವಾದಲ್ಲಿಯೂ ಮೊಟ್ಟೆ ಇರುತ್ತದೆ. ಮೆದುವಾಗಿ ಜಗಿಯುವಂಥ ಮಿಠಾಯಿಗಳಲ್ಲಿ ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆದ ಜೆಲಟಿನ್ ಸಾಮಾನ್ಯ, ಮತ್ತು ಕೆಲವು ಅಂಗಡಿಗಳಲ್ಲಿ ಆಲೂಗಡ್ಡೆ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುವುದುಂಟು. ಕೇಳಿದರೆ ಯಾರೂ ಬೇಸರಿಸದೆ ಹೇಳುತ್ತಾರೆ. ಮೂಲನಿವಾಸಿಗಳ ಹಣ್ಣು, ಬೀಜ, ಸೊಪ್ಪುಗಳಂತೂ ಸಸ್ಯಾಹಾರಿಗಳಿಗೆ ದೊಡ್ಡ ಲೋಕವನ್ನೇ ತೆರೆಯುತ್ತವೆ.

## ಮನೆಯ ಮತ್ತು ಪೇಟೆಯ ತಿನಿಸುಗಳು

"ವೆಜಿಮೈಟ್ ಅಂದರೆ ಏನು? ಅದು ಅಷ್ಟು ಕಹಿ, ಅಷ್ಟು ಉಪ್ಪು ಏಕೆ?"

ಬಿಯರ್ ತಯಾರಿಕೆಯಲ್ಲಿ ಕೆಲಸ ಮುಗಿಸಿದ ಯೀಸ್ಟನ್ನು ಒಡೆದು, ಅದರ ಸಾರವನ್ನು ಬತ್ತಿಸಿ, ಉಪ್ಪು ಮತ್ತು ತರಕಾರಿಗಳ ಸಾರ ಸೇರಿಸಿ ಮಾಡಿದ ಗಟ್ಟಿಯಾದ ಲೇಹವೇ ವೆಜಿಮೈಟ್. ಮದ್ಯದ ಅಂಶ ಅದರಲ್ಲಿಲ್ಲ. ಮೆಲ್ಬರ್ನ್‌ನ ಫ್ರೆಡ್ ವಾಕರ್ ಅವರ ಕಂಪನಿಗಾಗಿ ಸಿರಿಲ್ ಕ್ಯಾಲಿಸ್ಟರ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ರೂಪಿಸಿದರು. 1923ರಲ್ಲಿ ಅದು ಅಂಗಡಿಗೆ ಬಂತು. ಬ್ರಿಟನ್ನಿನ ಮಾರ್ಮೈಟ್ ಎಂಬ ಇಂಥದೇ ಲೇಹ ಆಗಲೇ ಜನರ ಕೈಯಲ್ಲಿದ್ದುದರಿಂದ ಹೊಸ ಪದಾರ್ಥ ಸುಲಭವಾಗಿ ಮಾರಾಟವಾಗಲಿಲ್ಲ, ಮತ್ತು 1928ರಿಂದ ಕೆಲವು ವರ್ಷ ಅದನ್ನು ಪಾರ್ವಿಲ್ ಎಂಬ ಬೇರೆ ಹೆಸರಿನಲ್ಲಿಯೂ ಮಾರಿ ನೋಡಿದರು. ಬಿ ಗುಂಪಿನ ಜೀವಸತ್ವಗಳು ಅದರಲ್ಲಿ ಹೇರಳವಾಗಿವೆ ಎಂಬ ಮಾತು ಹರಡಿದ ಮೇಲೆ, ಎರಡನೆಯ ಮಹಾಯುದ್ಧದ ಕಾಲಕ್ಕೆ ಸೈನಿಕರ ಪಡಿತರದಲ್ಲಿಯೂ ಮಕ್ಕಳ ಬುತ್ತಿಯಲ್ಲಿಯೂ ಅದು ನೆಲೆಯೂರಿತು. ಬಹುಕಾಲ ವಿದೇಶಿ ಕಂಪನಿಗಳ ಕೈಯಲ್ಲಿದ್ದ ಈ ಹೆಸರನ್ನು 2017ರಲ್ಲಿ ಬೇಗಾ ಎಂಬ ಆಸ್ಟ್ರೇಲಿಯಾದ ಕಂಪನಿ ಮರಳಿ ಕೊಂಡಿತು.

ಅದರ ರುಚಿಯಲ್ಲಿ ಮೂರು ಪದರಗಳಿವೆ. ಮೊದಲು ಉಪ್ಪು ಬಲವಾಗಿ ಬಡಿಯುತ್ತದೆ. ಹಿಂದೆಯೇ ಬಿಯರ್ ಯೀಸ್ಟಿನ ಕಹಿ ಬರುತ್ತದೆ. ಕೊನೆಯಲ್ಲಿ ನಾಲಿಗೆಯ ಹಿಂಬದಿಯಲ್ಲಿ ಬಹಳ ಹೊತ್ತು ಉಳಿಯುವ, ಕುದಿಸಿ ಬತ್ತಿಸಿದ ಕಟ್ಟಿನ ಸಾರನ್ನು ಹೋಲುವ ಗಾಢ ರುಚಿ ಇದೆ. ಈ ಮೂರನೆಯದು ಗ್ಲುಟಮೇಟ್‌ನಿಂದ ಬರುವ ಉಮಾಮಿ. ಅಣಬೆಯಲ್ಲಿ, ಹಳೆಯ ಚೀಸ್‌ನಲ್ಲಿ, ಸೋಯಾ ಸಾಸ್‌ನಲ್ಲಿ ಇರುವುದೂ ಅದೇ. ಉಪ್ಪು ಮತ್ತು ಕಹಿಯ ಪ್ರಮಾಣವನ್ನು ತಗ್ಗಿಸದಿದ್ದರೆ ಈ ಮೂರನೆಯ ಪದರ ನಾಲಿಗೆಗೆ ಸಿಗುವುದೇ ಇಲ್ಲ.

"ಹಾಗಾದರೆ ಅದನ್ನು ತಿನ್ನುವ ಸರಿಯಾದ ಕ್ರಮ ಯಾವುದು?"

ಬ್ರೆಡ್ ಹೋಳನ್ನು ಚೆನ್ನಾಗಿ ಕೆಂಪಗೆ ಕಾಯಿಸಿ, ಬಿಸಿ ಇರುವಾಗಲೇ ಬೆಣ್ಣೆಯನ್ನು ಧಾರಾಳವಾಗಿ ಸವರಬೇಕು. ಆಮೇಲೆ ಚಾಕುವಿನ ತುದಿಯಲ್ಲಿ ಹೆಸರುಕಾಳಿನಷ್ಟು ವೆಜಿಮೈಟ್ ತೆಗೆದುಕೊಂಡು, ಕೆಳಗಿನ ಬೆಣ್ಣೆ ಅಲ್ಲಲ್ಲಿ ಕಾಣುವಂತೆ ತೆಳ್ಳಗೆ ಎಳೆಯಬೇಕು. ಕರಗಿದ ಬೆಣ್ಣೆ ಕಹಿಯನ್ನು ಹಿಡಿದಿಡುತ್ತದೆ. ಇಲ್ಲಿನ ಮಕ್ಕಳಿಗೆ ಹಲ್ಲು ಬರುವ ವಯಸ್ಸಿನಿಂದಲೇ ಇದೇ ರೂಪದಲ್ಲಿ ಕೊಡುತ್ತಾರೆ. ಟೊಮೇಟೊ ಹೋಳು, ಚೀಸ್, ಅಥವಾ ಬೆಣ್ಣೆಹಣ್ಣಿನೊಂದಿಗೂ ತಿನ್ನುವುದುಂಟು. ನನ್ನ ಅನುಭವದಲ್ಲಿ ಬೆಣ್ಣೆಹಣ್ಣಿನೊಂದಿಗೆ ಕೊಟ್ಟಾಗ ಊರಿನಿಂದ ಬಂದ ಹಿರಿಯರು ಎರಡನೆಯ ಹೋಳನ್ನೂ ತೆಗೆದುಕೊಂಡಿದ್ದಾರೆ. ರಕ್ತದೊತ್ತಡ ಇರುವವರು ಉಪ್ಪಿನ ಲೆಕ್ಕವನ್ನು ಮರೆಯಬಾರದು.

"ಲ್ಯಾಮಿಂಗ್ಟನ್ ಎಂಬ ಹೆಸರು ಹುಬ್ಬಳ್ಳಿಯಲ್ಲೂ ಕೇಳಿದ್ದೇನೆ. ಕೇಕಿಗೂ ಅದಕ್ಕೂ ಏನು ಸಂಬಂಧ?"

ಸಂಬಂಧ ನಿಜವಾದದ್ದು. ಚೌಕಾಕಾರದ ಸ್ಪಂಜು ಕೇಕನ್ನು ತೆಳುವಾದ ಚಾಕೊಲೇಟ್ ಪಾಕದಲ್ಲಿ ಅದ್ದಿ, ಒಣಕೊಬ್ಬರಿಯ ತುರಿಯಲ್ಲಿ ಹೊರಳಿಸಿದ ತಿನಿಸಿಗೆ, 1896ರಿಂದ 1901ರವರೆಗೆ ಕ್ವೀನ್ಸ್‌ಲ್ಯಾಂಡಿನ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ ಹೆಸರು ಬಂದಿದೆ ಎಂಬುದು ಸಾಮಾನ್ಯವಾಗಿ ಒಪ್ಪಿದ ಮಾತು. ಅದೇ ವ್ಯಕ್ತಿ 1903ರಿಂದ 1907ರವರೆಗೆ ಮುಂಬಯಿ ಪ್ರಾಂತ್ಯದ ಗವರ್ನರ್ ಆದರು; ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಸೀಮೆಗಳು ಆಗ ಆ ಪ್ರಾಂತ್ಯಕ್ಕೆ ಸೇರಿದ್ದವು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗೂ ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಹೆಸರಿಗೂ ಆ ಆಡಳಿತವೇ ಮೂಲ. ಕೇಕನ್ನು ಮೊದಲು ಮಾಡಿದವರು ಯಾರು, ಎಲ್ಲಿ ಎಂಬುದರ ಬಗ್ಗೆ ಬ್ರಿಸ್ಬೇನ್ ಮತ್ತು ಟೂವೂಂಬಾ ನಡುವೆ ಇಂದಿಗೂ ವಾದವಿದೆ.

ರುಚಿಯ ದೃಷ್ಟಿಯಿಂದ ಕೊಬ್ಬರಿ ಮಿಠಾಯಿ ತಿಂದು ಬೆಳೆದವರಿಗೆ ಇದು ಮೊದಲ ತುತ್ತಿನಿಂದಲೇ ಸಲೀಸು. ಪಾಕ ಒಳಕ್ಕೆ ಇಳಿದ ಹೊರಪದರ ಒದ್ದೆಯಾಗಿ, ನಡುಭಾಗ ಹಗುರವಾಗಿ ಇದ್ದರೆ ಅದು ಒಳ್ಳೆಯ ಲ್ಯಾಮಿಂಗ್ಟನ್. ಪೊಟ್ಟಣದಲ್ಲಿ ದಿನಗಟ್ಟಲೆ ಕೂತದ್ದು ಒಣಗಿ ಹೊಟ್ಟಿನಂತಾಗುತ್ತದೆ, ಅದನ್ನು ತಿಂದು ತೀರ್ಮಾನ ಮಾಡಬಾರದು.

"ಪಾವ್ಲೋವಾ ಬರೀ ಸಕ್ಕರೆಯ ಗುಡ್ಡೆಯಂತೆ ಕಾಣುತ್ತದೆ. ನಿಜವಾಗಿ ಚೆನ್ನಾಗಿರುತ್ತದೆಯೇ?"

ಮೇಲೆ ಹಾಕುವ ಹಣ್ಣು ಹುಳಿಯಾಗಿದ್ದರೆ ಬಹಳ ಚೆನ್ನಾಗಿರುತ್ತದೆ. ಮೊಟ್ಟೆಯ ಬಿಳಿಭಾಗ ಮತ್ತು ಸಕ್ಕರೆಯನ್ನು ನೊರೆಯೇಳುವಂತೆ ಬಡಿದು, ತುಸು ಜೋಳದ ಪಿಷ್ಟ ಮತ್ತು ವಿನಿಗರ್ ಸೇರಿಸಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯಿಸುತ್ತಾರೆ. ಹೊರಗೆ ಮುರುಮುರು ಎನ್ನುವ ಚಿಪ್ಪು, ಒಳಗೆ ಹತ್ತಿಯಂಥ ಮೆದು. ಅದರ ಮೇಲೆ ಸಿಹಿಯಿಲ್ಲದ ಕೆನೆ, ಪ್ಯಾಶನ್ ಹಣ್ಣಿನ ತಿರುಳು, ಸ್ಟ್ರಾಬೆರಿ. ಪ್ಯಾಶನ್ ಹಣ್ಣಿನ ಹುಳಿ ಇಲ್ಲದಿದ್ದರೆ ಇದು ಕೇವಲ ಸಿಹಿ. ರಷ್ಯಾದ ನರ್ತಕಿ ಅನ್ನಾ ಪಾವ್ಲೋವಾ 1926ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಪ್ರವಾಸ ಮಾಡಿದ್ದರು. ಅವರ ಹೆಸರಿನ ಈ ಸಿಹಿಯನ್ನು ಮೊದಲು ಮಾಡಿದವರು ನಾವೇ ಎಂದು ಎರಡೂ ದೇಶಗಳು ಹೇಳಿಕೊಳ್ಳುತ್ತವೆ.

"ಆ್ಯನ್ಜಾಕ್ ಬಿಸ್ಕತ್ತನ್ನು ಬೆಂಗಳೂರಿನಲ್ಲಿ ಮಾಡಬಹುದೇ? ಗೋಲ್ಡನ್ ಸಿರಪ್ ಸಿಗದಿದ್ದರೆ ಏನು ಹಾಕಬೇಕು?"

ಖಂಡಿತ ಮಾಡಬಹುದು, ಮತ್ತು ಇಲ್ಲಿನ ತಿನಿಸುಗಳಲ್ಲಿ ನಮ್ಮ ಮನೆಗಳಿಗೆ ಅತಿ ಸುಲಭವಾಗಿ ಒಗ್ಗುವುದು ಇದೇ. ಒಂದು ಬಟ್ಟಲು ಓಟ್ಸ್, ಒಂದು ಬಟ್ಟಲು ಮೈದಾ, ಮುಕ್ಕಾಲು ಬಟ್ಟಲು ಒಣಕೊಬ್ಬರಿ ತುರಿ ಮತ್ತು ಮುಕ್ಕಾಲರಿಂದ ಒಂದು ಬಟ್ಟಲು ಸಕ್ಕರೆಯನ್ನು ಬೆರೆಸಿಕೊಳ್ಳಿ. 125 ಗ್ರಾಂ ಬೆಣ್ಣೆಯನ್ನು ಎರಡು ದೊಡ್ಡ ಚಮಚ ಹೊಂಬಣ್ಣದ ಸಕ್ಕರೆ ಪಾಕವಾದ ಗೋಲ್ಡನ್ ಸಿರಪ್‌ನೊಂದಿಗೆ ಕರಗಿಸಿ. ಒಂದು ದೊಡ್ಡ ಚಮಚ ಕುದಿಯುವ ನೀರಿಗೆ ಒಂದು ಸಣ್ಣ ಚಮಚ ಅಡುಗೆ ಸೋಡಾ ಹಾಕಿ ಬೆಣ್ಣೆಗೆ ಸುರಿದರೆ ಅದು ನೊರೆಯುಕ್ಕುತ್ತದೆ. ಆ ನೊರೆ ಇರುವಾಗಲೇ ಹಿಟ್ಟಿಗೆ ಬೆರೆಸಿ, ನಿಂಬೆಗಾತ್ರದ ಉಂಡೆ ಮಾಡಿ, ನಡುವೆ ಜಾಗ ಬಿಟ್ಟು ಅದುಮಿ, 160 ಡಿಗ್ರಿಯಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ ಬೇಯಿಸಿ. ಗೋಲ್ಡನ್ ಸಿರಪ್ ಬದಲಿಗೆ ನಾನು ಮಲೆನಾಡಿನ ಜೋನಿ ಬೆಲ್ಲ ಹಾಕಿ ನೋಡಿದ್ದೇನೆ, ಬಣ್ಣ ತುಸು ಗಾಢವಾಗುತ್ತದೆ, ಪರಿಮಳ ಮೂಲದ್ದಕ್ಕಿಂತ ಆಳವಾಗುತ್ತದೆ. ಅಳತೆಯ ವಿಷಯದಲ್ಲಿ ಒಂದು ಎಚ್ಚರಿಕೆ: ಆಸ್ಟ್ರೇಲಿಯಾದ ದೊಡ್ಡ ಚಮಚ 20 ಮಿಲಿಲೀಟರಿನದು, ಬೇರೆ ಕಡೆಯದು 15.

ಹೆಸರಿನ ಹಿಂದೆ ನೋವಿನ ಇತಿಹಾಸವಿದೆ. ಆ್ಯನ್ಜಾಕ್ ಎಂದರೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಜಂಟಿ ಸೇನಾದಳ. ಅದು 1915ರ ಏಪ್ರಿಲ್ 25ರಂದು ಟರ್ಕಿಯ ಗಲಿಪೊಲಿಯಲ್ಲಿ ಇಳಿದು ಸಾವಿರಾರು ಯುವಕರನ್ನು ಕಳೆದುಕೊಂಡಿತು. ಈ ಹೆಸರಿನ ಬಳಕೆಗೆ ಕಾನೂನಿನ ರಕ್ಷಣೆ ಇದೆ. ಮಾರಾಟಕ್ಕೆ ಮಾಡುವವರು ಸಾಂಪ್ರದಾಯಿಕ ಪಾಕದಿಂದ ಬಹಳ ದೂರ ಸರಿಯುವಂತಿಲ್ಲ, "ಕುಕೀ" ಎಂದು ಕರೆಯುವಂತೆಯೂ ಇಲ್ಲ.

"ಮೀಟ್ ಪೈ ಬಗ್ಗೆ ಅಷ್ಟೊಂದು ಅಭಿಮಾನ ಏಕೆ?"

ಫುಟ್‌ಬಾಲ್ ಮೈದಾನದ ಚಳಿಯಲ್ಲಿ, ಕೆಲಸದ ನಡುವಿನ ಹತ್ತು ನಿಮಿಷದಲ್ಲಿ, ಒಂದೇ ಕೈಯಲ್ಲಿ ಹಿಡಿದು ತಿನ್ನಬಹುದಾದ ಬಿಸಿ ಊಟ ಅದು. ಒಳಗೆ ಕೊಚ್ಚಿದ ಮಾಂಸದ ಗಟ್ಟಿ ಗೊಜ್ಜು, ಹೊರಗೆ ಹಿಟ್ಟಿನ ಚಿಪ್ಪು, ಮೇಲೆ ಟೊಮೇಟೊ ಸಾಸ್. ಭಾರತದಿಂದ ಬಂದವರು ಸಾಮಾನ್ಯವಾಗಿ ಹೇಳುವ ಮಾತು "ಖಾರವಿಲ್ಲ, ಸಪ್ಪೆ" ಎಂಬುದು, ಮತ್ತು ಅದು ಸರಿ. ಅದರ ಮಸಾಲೆ ಕರಿಮೆಣಸಿನ ಆಚೆಗೆ ಹೆಚ್ಚು ಹೋಗುವುದಿಲ್ಲ. ಅಡಿಲೇಡ್‌ನಲ್ಲಿ ಇದೇ ಪೈಯನ್ನು ದಪ್ಪ ಬಟಾಣಿ ಸಾರಿನಲ್ಲಿ ತೇಲಿಬಿಟ್ಟು ಕೊಡುವ ಪದ್ಧತಿಯಿದೆ. ನೋಡಲು ವಿಚಿತ್ರ, ಆದರೆ ಬಟಾಣಿ ಉಸಲಿಗೆ ಪಾವ್ ಅದ್ದಿ ತಿಂದವರಿಗೆ ಆ ಜೋಡಿ ಹೊಸದಲ್ಲ.

"ಮಕ್ಕಳ ಹುಟ್ಟುಹಬ್ಬದಲ್ಲಿ ಕೊಡುವ ಗುಲಾಬಿ ಬಣ್ಣದ ಕಡ್ಡಿ ಸೋಪಿನ ಹಾಗೆ ಇತ್ತು. ಅದು ಏನು?"

ಅದು ಮಸ್ಕ್ ಸ್ಟಿಕ್, ಅಂದರೆ ಕಸ್ತೂರಿಯ ಪರಿಮಳದ ಸಕ್ಕರೆ ಕಡ್ಡಿ. ಯುರೋಪ್ ಅಮೆರಿಕದಿಂದ ಬಂದವರಿಗೆ ಸುಗಂಧದ್ರವ್ಯ ಕುಡಿದಂತಾಗುತ್ತದೆ. ಗುಲ್ಕಂದು, ಗುಲಾಬಿ ಶರಬತ್ತು, ಪಚ್ಚಕರ್ಪೂರದ ಲಾಡು ತಿಂದವರು ನಾವು. ಪರಿಮಳವನ್ನು ತಿನ್ನುವುದು ನಮಗೆ ಕಷ್ಟವಲ್ಲ. ಆದರೆ ಇದರಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ. ಅಂಥ ಹುಟ್ಟುಹಬ್ಬಗಳಲ್ಲಿ ಇಡುವ ಬಣ್ಣದ ಕಾಳುಗಳ ಬ್ರೆಡ್ಡಿನ ಹೆಸರು ಫೇರಿ ಬ್ರೆಡ್: ಬಿಳಿ ಬ್ರೆಡ್, ಬೆಣ್ಣೆ, ಬಣ್ಣದ ಸಕ್ಕರೆ ಕಾಳು, ಅಷ್ಟೇ.

## ಮೂಲನಿವಾಸಿಗಳ ಆಹಾರ

"ಕಾಂಗರೂ ಮಾಂಸ ಹೇಗಿರುತ್ತದೆ? ಅದನ್ನು ಸಾಕಿ ಕೊಲ್ಲುತ್ತಾರೆಯೇ?"

ಸಾಕುವುದಿಲ್ಲ. ಕಾಡಿನ ಕಾಂಗರೂಗಳನ್ನು, ಸರ್ಕಾರ ಪ್ರತಿವರ್ಷ ನಿಗದಿ ಮಾಡುವ ಮಿತಿಯೊಳಗೆ, ಪರವಾನಗಿ ಪಡೆದವರು ಬೇಟೆಯಾಡುತ್ತಾರೆ. ಮಾಂಸ ಸೂಪರ್ ಮಾರ್ಕೆಟ್ಟಿನಲ್ಲಿಯೇ ಸಿಗುತ್ತದೆ. ಬಣ್ಣ ಗಾಢ ಕೆಂಪು, ಕೊಬ್ಬು ಶೇಕಡಾ 2ರ ಆಸುಪಾಸು. ಕುರಿಯ ಮಾಂಸಕ್ಕಿಂತ ಹೆಚ್ಚು ಗಾಢವಾದ, ತುಸು ಕಬ್ಬಿಣದ ಛಾಯೆಯ, ಕಾಡಿನ ಪ್ರಾಣಿಯದೆಂದು ತಿಳಿಯುವ ರುಚಿ. ನಮ್ಮವರು ಮಾಡುವ ತಪ್ಪೆಂದರೆ ಕುರಿಮಾಂಸದಂತೆ ತೊಡೆಯ ಹೋಳುಗಳನ್ನು ಪೂರ್ತಿ ಬೇಯಿಸುವುದು: ಕೊಬ್ಬಿಲ್ಲದ ಕಾರಣ ಅವು ಚರ್ಮದಂತೆ ಬಿರುಸಾಗುತ್ತವೆ. ಬಾಲದ ವಿಷಯ ಬೇರೆ. ಮಧ್ಯ ಆಸ್ಟ್ರೇಲಿಯಾದ ಮರುಭೂಮಿಯ ಜನ ಬಾಲದ ಕೂದಲನ್ನು ಬೆಂಕಿಯಲ್ಲಿ ಸುಟ್ಟು ಹೆರೆದು, ಬಿಸಿ ಬೂದಿ ಕೆಂಡಗಳಲ್ಲಿ ಹೂತು ಬೇಯಿಸುತ್ತಾರೆ. ಅದು ಕಾಲುಸೂಪಿನ ಮೂಳೆಯ ಸುತ್ತಲ ಮಾಂಸದಂತೆ ಅಂಟಂಟಾಗಿ, ರಸಭರಿತವಾಗಿ ಬರುತ್ತದೆ.

"ಹುಳು ತಿನ್ನುತ್ತಾರಂತೆ, ನಿಜವೇ? ಹೇಗೆ ತಿನ್ನುತ್ತಾರೋ!"

ನಿಜ. ವಿಚೆಟಿ ಹುಳು ಎಂಬುದು ಒಂದು ಬಗೆಯ ದೊಡ್ಡ ಪತಂಗದ ಮರಿ, ವಿಚೆಟಿ ಎಂಬ ಜಾಲಿಜಾತಿಯ ಪೊದೆಯ ಬೇರಿನೊಳಗೆ ಬೆಳೆಯುತ್ತದೆ. ಬಿರುಕು ಬಿಟ್ಟ ನೆಲ ನೋಡಿ ಯಾವ ಬೇರಿನಲ್ಲಿದೆ ಎಂದು ಗುರುತಿಸಿ ಅಗೆದು ತೆಗೆಯುವುದು ಹೆಂಗಸರ ಪರಿಣತಿ. ಹಸಿಯಾಗಿ ತಿಂದರೆ ಬಾದಾಮಿಯ ರುಚಿ. ಬೂದಿಯಲ್ಲಿ ಹೊರಳಿಸಿದರೆ ಸಿಪ್ಪೆ ಹುರಿದ ಕೋಳಿಯ ಚರ್ಮದಂತೆ ಗರಿಗರಿ, ಒಳಗಿನದು ಹುರಿದ ಮೊಟ್ಟೆಯಂತೆ ಹಳದಿ. ನೀರೇ ಅಪರೂಪವಾದ ಸೀಮೆಯಲ್ಲಿ ಕೊಬ್ಬು ಮತ್ತು ಪ್ರೋಟೀನ್ ಇಷ್ಟು ಸುಲಭವಾಗಿ ಸಿಗುವ ಬೇರೆ ಆಹಾರ ಕಡಿಮೆ.

"ಹೇಗೆ ತಿನ್ನುತ್ತಾರೋ" ಎನ್ನುವ ಮೊದಲು ನಮ್ಮ ಮಲೆನಾಡಿನ ಚಗಳಿ ಚಟ್ನಿಯನ್ನು ನೆನೆಯಬೇಕು. ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪಿರುವೆಯನ್ನು ಹುರಿದು, ಮೆಣಸು ಬೆಳ್ಳುಳ್ಳಿಯೊಂದಿಗೆ ಅರೆದ ಆ ಚಟ್ನಿಯ ಇರುವೆ ಯಾವ ಪ್ರಭೇದವೋ ಅದೇ ಪ್ರಭೇದ ಉತ್ತರ ಆಸ್ಟ್ರೇಲಿಯಾದಲ್ಲಿ ಹಸಿರು ಹೊಟ್ಟೆಯೊಂದಿಗೆ ಕಾಣಿಸುತ್ತದೆ, ಹಾಗಾಗಿ ಅದನ್ನು ಅಲ್ಲಿ ಹಸಿರಿರುವೆ ಎನ್ನುತ್ತಾರೆ. ಅಲ್ಲಿಯ ಜನ ಅದರ ಗೂಡನ್ನು ನೀರಿನಲ್ಲಿ ಹಿಸುಕಿ ಹುಳಿಪಾನಕ ಮಾಡಿ ಶೀತ ಕೆಮ್ಮಿಗೆ ಕುಡಿಯುತ್ತಾರೆ. ನಿಂಬೆಯ ಹುಳಿ, ಹಿಂದೆ ಒಂದು ಚುರುಕು. ಸಾವಿರಾರು ಮೈಲಿ ದೂರದ ಎರಡು ಕಾಡುಗಳ ಜನ ಒಂದೇ ಇರುವೆಯಲ್ಲಿ ಒಂದೇ ಹುಳಿಯನ್ನು ಕಂಡುಕೊಂಡದ್ದು ನನಗೆ ಇಂದಿಗೂ ಬೆರಗಿನ ಸಂಗತಿ.

"ಇಲ್ಲಿನ ಕಾಡುಹಣ್ಣುಗಳಲ್ಲಿ ನಮ್ಮ ನಾಲಿಗೆಗೆ ಹಿಡಿಸುವಂಥವು ಯಾವುವು?"

ಈ ಪ್ರಶ್ನೆಗೆ ನಾನು ಬಹಳ ಪ್ರೀತಿಯಿಂದ ಉತ್ತರಿಸುತ್ತೇನೆ, ಏಕೆಂದರೆ ಈ ಹಣ್ಣುಗಳಲ್ಲಿ ಹಲವು ನಮ್ಮೂರಿನ ಮರಗಳ ದಾಯಾದಿಗಳು.

ಕ್ವಾಂಡಾಂಗ್ ಎಂಬ ಕೆಂಪು ಹಣ್ಣು ಬೆಳೆಯುವ ಮರ ನಮ್ಮ ಶ್ರೀಗಂಧದ ಕುಲಕ್ಕೇ ಸೇರಿದ್ದು. ಶ್ರೀಗಂಧದಂತೆಯೇ ಅದೂ ಅಕ್ಕಪಕ್ಕದ ಗಿಡಗಳ ಬೇರಿಗೆ ತನ್ನ ಬೇರನ್ನು ಕಚ್ಚಿಸಿ ಬದುಕುವ ಅರೆಪರಾವಲಂಬಿ. ತಿರುಳು ತೆಳ್ಳಗೆ, ಹುಳಿ ಮುಂದಾಗಿ, ಹಿಂದಿನಿಂದ ಜರ್ದಾಳು ಹಣ್ಣಿನ ಪರಿಮಳ. ಒಣಗಿಸಿಟ್ಟು, ಬೇಕಾದಾಗ ನೆನೆಸಿ, ಸಕ್ಕರೆಯೊಂದಿಗೆ ಬೇಯಿಸುತ್ತಾರೆ. ಅಮಟೆಕಾಯಿಯ ಗೊಜ್ಜು ಮಾಡಲು ಬಲ್ಲವರು ಇದರಿಂದ ಸೊಗಸಾದ ಗೊಜ್ಜು ಮಾಡಬಲ್ಲರು.

ರೈಬೆರಿ ಎಂಬ ಪುಟ್ಟ ಗುಲಾಬಿ ಹಣ್ಣು ನೇರಳೆಯ ಕುಲದ್ದು. ಲವಂಗವೂ ಅದೇ ಕುಲದ ಮರದ ಮೊಗ್ಗು ಎಂಬುದನ್ನು ನೆನಪಿಟ್ಟುಕೊಂಡು ತಿಂದರೆ, ಹಣ್ಣಿನಲ್ಲಿ ಲವಂಗದ ಸುಳಿವು ಏಕೆ ಸಿಗುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಉತ್ತರದ ಉಷ್ಣಪ್ರದೇಶದ ಕಾಕಡು ಪ್ಲಮ್ ನಮ್ಮ ಅಳಲೆಕಾಯಿ, ತಾರೆಕಾಯಿಗಳ ಕುಲ. ಹಸಿರು ಹಳದಿ ಬಣ್ಣ, ಸಣ್ಣ ಗಾತ್ರ, ಹುಳಿಯ ಜೊತೆಗೆ ಬಾಯಿ ಒಗರಾಗಿಸುವ ಗುಣ. ಸಿ ಜೀವಸತ್ವ ಇದರಲ್ಲಿ ಅಸಾಧಾರಣವಾಗಿದೆ: ಕಿತ್ತಳೆಯಲ್ಲಿ 100 ಗ್ರಾಂಗೆ ಸುಮಾರು 50 ಮಿಲಿಗ್ರಾಂ ಇದ್ದರೆ ಇದರಲ್ಲಿ ಅದು ಸಾವಿರಗಳ ಲೆಕ್ಕಕ್ಕೆ ಹೋಗುತ್ತದೆ. ನೆಲ್ಲಿಕಾಯಿ ಕಚ್ಚಿ ನೀರು ಕುಡಿದು ಬೆಳೆದವರು ಈ ಒಗರಿಗೆ ಹೆದರುವುದಿಲ್ಲ. ಸಿಹಿಹಣ್ಣಷ್ಟೇ ಗೊತ್ತಿರುವ ಪ್ರವಾಸಿಗರು ಅರ್ಧಕ್ಕೇ ಬಿಡುತ್ತಾರೆ.

ಫಿಂಗರ್ ಲೈಮ್ ಬೆರಳುದ್ದದ ನಿಂಬೆ. ಒಳಗಿನ ತಿರುಳು ಸಾಬೂದಾನಿಯಂತೆ ಬಿಡಿಬಿಡಿ ಮುತ್ತಾಗಿ ಹೊರಬಂದು ಹಲ್ಲಿನಡಿ ಒಡೆಯುತ್ತದೆ. ಮೊಸರನ್ನದ ಮೇಲೆ ಉದುರಿಸಿಕೊಂಡು ಒಮ್ಮೆ ತಿಂದು ನೋಡಿ.

"ಮಸಾಲೆಯೇ ಇಲ್ಲದ ದೇಶ ಅಂತಾರಲ್ಲ?"

ಮೂಲನಿವಾಸಿಗಳ ನೆಲದಲ್ಲಿ ಮಸಾಲೆಗೆ ಕೊರತೆಯಿಲ್ಲ. ಲೆಮನ್ ಮಿರ್ಟಲ್ ಎಲೆಯಲ್ಲಿ, ನಮ್ಮ ಮಜ್ಜಿಗೆಹುಲ್ಲಿನಲ್ಲಿರುವ ಸಿಟ್ರಾಲ್ ಎಂಬ ಪರಿಮಳದ ಅಂಶವೇ ಇನ್ನೂ ದಟ್ಟವಾಗಿದೆ; ನಿಂಬೆಯ ಕಂಪು ಇದ್ದು ಹುಳಿ ಇಲ್ಲದಿರುವುದರಿಂದ ಹಾಲಿಗೆ ಹಾಕಿದರೂ ಒಡೆಯುವುದಿಲ್ಲ. ಟಾಸ್ಮೇನಿಯಾದ ಬೆಟ್ಟದ ಮೆಣಸು ಮೊದಲು ಹಣ್ಣಿನಂತೆ ಸಿಹಿಯಾಗಿದ್ದು ಆಮೇಲೆ ಉರಿದು, ನಾಲಿಗೆಯನ್ನು ತುಸು ಮರಗಟ್ಟಿಸುತ್ತದೆ. ಮರುಭೂಮಿಯ ಬುಷ್ ಟೊಮೇಟೊ ಬದನೆಯ ಕುಲದ್ದು. ಗಿಡದಲ್ಲೇ ದ್ರಾಕ್ಷಿಯಂತೆ ಒಣಗಿದ ಅದರ ಕಾಯಿಯಲ್ಲಿ ಹುಳಿ, ಕಾಸಿದ ಬೆಲ್ಲದ ವಾಸನೆ, ಕೊನೆಯಲ್ಲಿ ಕಹಿ ಒಟ್ಟಿಗೆ ಇರುತ್ತವೆ. ಪುಡಿ ಮಾಡಿ ಹುಳಿಗೆ ಹಾಕಿದರೆ ಒಣಮಾವಿನ ಪುಡಿಯ ಕೆಲಸ ಮಾಡುತ್ತದೆ.

## ಇನ್ನೂ ಆಳಕ್ಕೆ ಹೋಗುವವರಿಗೆ

"ಕಾಡಿನ ಆಹಾರವನ್ನು ತಿಂದೂ ಸತ್ತ ಬಿಳಿಯರ ಕಥೆ ಕೇಳಿದ್ದೇನೆ. ಅದು ಹೇಗೆ?"

ರಾಬರ್ಟ್ ಬರ್ಕ್ ಮತ್ತು ವಿಲಿಯಂ ವಿಲ್ಸ್ ಅವರ ಕಥೆ ಅದು. ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲು 1860ರ ಆಗಸ್ಟಿನಲ್ಲಿ ಮೆಲ್ಬರ್ನ್‌ನಿಂದ ಹೊರಟ ತಂಡದ ಈ ಮುಖಂಡರು ಹಿಂದಿರುಗುವ ದಾರಿಯಲ್ಲಿ, 1861ರ ನಡುವಿಗೆ, ಕೂಪರ್ ಕ್ರೀಕ್ ದಡದಲ್ಲಿ ತೀರಿಕೊಂಡರು. ಕೊನೆಯ ವಾರಗಳಲ್ಲಿ ಅವರು ತಿನ್ನುತ್ತಿದ್ದುದು ನಾರ್ಡೂ ಎಂಬ, ನಾಲ್ಕೆಲೆಯ ನೀರುಜರಿಯ ಬೀಜಕೋಶದ ಹಿಟ್ಟು. ನಮ್ಮ ಗದ್ದೆ ಕೆರೆಗಳ ಅಂಚಿನಲ್ಲಿಯೂ ಅದೇ ಕುಲದ ಜರಿ ಬೆಳೆಯುತ್ತದೆ. ಹೊಟ್ಟೆ ತುಂಬುತ್ತಿತ್ತು, ಕಾಲುಗಳು ಬಲಗುಂದುತ್ತಿದ್ದವು ಎಂದು ವಿಲ್ಸ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ನಾರ್ಡೂವಿನಲ್ಲಿ ಥಯಾಮಿನ್ ಅನ್ನು, ಅಂದರೆ ಬಿ1 ಜೀವಸತ್ವವನ್ನು, ನಾಶಮಾಡುವ ಕಿಣ್ವವಿದೆ. ಅದನ್ನು ತಪ್ಪಾಗಿ ಸಿದ್ಧಪಡಿಸಿ ತಿಂದದ್ದರಿಂದ ಬೆರಿಬೆರಿ ರೋಗ ಬಂದಿರಬೇಕು ಎಂಬುದು ವಿಜ್ಞಾನಿಗಳು ಕೊಡುವ ವಿವರಣೆ. ಆ ಸೀಮೆಯ ಯಾಂಡ್ರುವಾಂಡಾ ಜನ ಅದನ್ನು ನೀರು ಹಾಕಿ ಅರೆದು, ಮೀನು ಮೊದಲಾದವುಗಳೊಂದಿಗೆ ತಿನ್ನುತ್ತಿದ್ದರು. ಅವರ ಆಶ್ರಯದಲ್ಲಿ ಉಳಿದ ಜಾನ್ ಕಿಂಗ್ ಬದುಕಿ ಬಂದ.

ಕೆಸುವಿನ ಎಲೆಗೆ ಹುಣಸೆಹುಳಿ ಹಾಕದೆ ಬೇಯಿಸಿದರೆ ಗಂಟಲು ತುರಿಸುತ್ತದೆ ಎಂಬುದು ನಮ್ಮ ಯಾವ ಅಜ್ಜಿಗೆ ಗೊತ್ತಿಲ್ಲ? ಆಹಾರ ಎಂದರೆ ಪದಾರ್ಥ ಮಾತ್ರವಲ್ಲ, ಅದನ್ನು ಹದಗೊಳಿಸುವ ತಿಳಿವಳಿಕೆಯೂ ಹೌದು. ಸೈಕಾಡ್ ಎಂಬ, ತಾಳೆಯಂತೆ ಕಾಣುವ ಗಿಡದ ಕಾಯಿಗಳ ವಿಷವನ್ನು ಹರಿಯುವ ನೀರಿನಲ್ಲಿ ದಿನಗಟ್ಟಲೆ ನೆನೆಸಿ ತೆಗೆಯುವುದೂ ಇದೇ ಬಗೆಯ ವಿದ್ಯೆ. ಆದ್ದರಿಂದ ಪುಸ್ತಕದ ಚಿತ್ರ ನೋಡಿಕೊಂಡು ಕಾಡಿನಲ್ಲಿ ಏನನ್ನೂ ಕಿತ್ತು ತಿನ್ನಬೇಡಿ.

"ಇಷ್ಟೆಲ್ಲ ಇದ್ದರೂ ಅದು ಹೋಟೆಲುಗಳಲ್ಲಿ ಏಕೆ ಕಾಣುವುದಿಲ್ಲ?"

ಜನರನ್ನು ಅವರ ನೆಲದಿಂದ ಎಬ್ಬಿಸಿದಾಗ ಅಡುಗೆಯೂ ಎದ್ದುಹೋಯಿತು. ವಿಕ್ಟೋರಿಯಾದ ಮರ್ನಾಂಗ್ ಇದಕ್ಕೆ ಸ್ಪಷ್ಟ ಉದಾಹರಣೆ. ಹಳದಿ ಹೂವಿನ ಈ ಗಿಡದ ಗೆಡ್ಡೆ, ಮೂಲಂಗಿಯಷ್ಟು ಗರಿಗರಿಯಾಗಿ, ಹಸಿ ಕೊಬ್ಬರಿಯ ಸಿಹಿಯೊಂದಿಗೆ, ಅಲ್ಲಿನ ಜನರ ಮುಖ್ಯ ಆಹಾರವಾಗಿತ್ತು. ಹೆಂಗಸರು ಕೋಲಿನಿಂದ ಅಗೆಯುತ್ತ ಅಗೆಯುತ್ತ ಮಣ್ಣನ್ನು ಸಡಿಲವಾಗಿ ಇಟ್ಟಿದ್ದರು. 1830ರ ದಶಕದಲ್ಲಿ ಬಂದ ಕುರಿಮಂದೆಗಳು ಎಲೆಯನ್ನೂ ಗೆಡ್ಡೆಯನ್ನೂ ಮೇಯ್ದು, ಗೊರಸಿನಡಿ ಮಣ್ಣನ್ನು ಗಟ್ಟಿ ಮಾಡಿದವು. ಕೆಲವೇ ವರ್ಷಗಳಲ್ಲಿ ಬಯಲಿಗೆ ಬಯಲೇ ಬರಿದಾಯಿತು. ಈಗ ಕೆಲವರು ಅದನ್ನು ಮತ್ತೆ ಬೆಳೆಸುತ್ತಿದ್ದಾರೆ.

ಎಲ್ಲವೂ ಅಳಿದಿಲ್ಲ. ನೈರುತ್ಯ ವಿಕ್ಟೋರಿಯಾದ ಬಜ್ ಬಿಮ್ ಎಂಬಲ್ಲಿ ಗುಂಡಿಚ್‌ಮಾರ ಜನ ಜ್ವಾಲಾಮುಖಿಯ ಕಲ್ಲುಗಳಿಂದ ಕಾಲುವೆ, ಒಡ್ಡುಗಳನ್ನು ಕಟ್ಟಿ ಹಾವುಮೀನನ್ನು ಸಾಕುತ್ತಿದ್ದರು. ಅದರ ಭಾಗಗಳು 6,000 ವರ್ಷಗಳಿಗೂ ಹಳೆಯವು, ಮತ್ತು 2019ರಲ್ಲಿ ಆ ತಾಣ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕ್ವೀನ್ಸ್‌ಲ್ಯಾಂಡಿನ ಬುನ್ಯಾ ಬೆಟ್ಟಗಳಲ್ಲಿ ಕೆಲವು ವರ್ಷಗಳಿಗೊಮ್ಮೆ ಬುನ್ಯಾ ಮರಗಳು ಹೇರಳವಾಗಿ ಫಲ ಬಿಟ್ಟಾಗ ದೂರದೂರದ ಕುಲಗಳು ಸೇರಿ ಉಣ್ಣುತ್ತಿದ್ದವು, ವ್ಯಾಜ್ಯ ತೀರಿಸುತ್ತಿದ್ದವು, ಮದುವೆ ನಿಶ್ಚಯಿಸುತ್ತಿದ್ದವು. ಒಂದೊಂದು ಕಾಯಿ ಹಲಸಿನ ಎಳೆಗಾಯಿಯಷ್ಟು ದೊಡ್ಡದು, ತೂಕ 10 ಕಿಲೋ ತಲುಪುವುದುಂಟು. ಒಳಗಿನ ಬೀಜ ಬೇಯಿಸಿದಾಗ ಬೆಂದ ಹಲಸಿನ ಬೀಜವನ್ನೇ ನೆನಪಿಸುತ್ತದೆ.

"ಇವನ್ನು ಕೊಳ್ಳುವಾಗ ನಾವು ಏನನ್ನು ಗಮನಿಸಬೇಕು?"

ಬೆಳೆದವರು, ಆರಿಸಿದವರು ಯಾರು ಎಂಬುದನ್ನು. ಈ ಪದಾರ್ಥಗಳ ಜ್ಞಾನ ಮೂಲನಿವಾಸಿಗಳದ್ದಾದರೂ ಅವುಗಳ ವ್ಯಾಪಾರದಲ್ಲಿ ಅವರ ಪಾಲು ಚಿಕ್ಕದು. ಮಕಡೇಮಿಯಾ ಇದಕ್ಕೆ ಹಳೆಯ ನಿದರ್ಶನ: ಪೂರ್ವ ಆಸ್ಟ್ರೇಲಿಯಾದ ಮಳೆಕಾಡಿನ ಈ ಬೀಜವನ್ನು ಅಲ್ಲಿನ ಜನ ತಲೆಮಾರುಗಳಿಂದ ಒಡೆದು ತಿನ್ನುತ್ತಿದ್ದರು, 1857ರಲ್ಲಿ ಸಸ್ಯಶಾಸ್ತ್ರಜ್ಞರೊಬ್ಬರು ತಮ್ಮ ಸ್ನೇಹಿತರ ಹೆಸರನ್ನು ಅದಕ್ಕೆ ಇಟ್ಟರು, ದೊಡ್ಡ ಪ್ರಮಾಣದ ವ್ಯಾಪಾರ ಮೊದಲು ಬೆಳೆದದ್ದು ಹವಾಯಿಯಲ್ಲಿ. ಮೂಲನಿವಾಸಿಗಳದೇ ಒಡೆತನದ ಸಂಸ್ಥೆ ಎಂದು ಪೊಟ್ಟಣದ ಮೇಲೆ ಸ್ಪಷ್ಟವಾಗಿ ಬರೆದಿರುವುದನ್ನು ಹುಡುಕಿ ಕೊಳ್ಳುವುದು ನಾನು ಪಾಲಿಸುವ ಕ್ರಮ.

"ವಾಟಲ್ ಬೀಜದ ಪುಡಿ ಬಲು ರುಚಿ. ನಮ್ಮೂರಿನ ಅಕೇಶಿಯಾ ಮರದ ಬೀಜ ಹುರಿದು ಮಾಡಬಹುದೇ?"

ಮಾಡಬೇಡಿ. ವಾಟಲ್ ಎಂಬುದು ಅಕೇಶಿಯಾಕ್ಕೆ ಇಲ್ಲಿನವರು ಇಟ್ಟ ಹೆಸರು. ಮಲೆನಾಡು ಮತ್ತು ಕರಾವಳಿಯ ನೆಡುತೋಪುಗಳಲ್ಲಿರುವ ಅಕೇಶಿಯಾ ಉತ್ತರ ಆಸ್ಟ್ರೇಲಿಯಾ ಕಡೆಯಿಂದಲೇ ಬಂದದ್ದು ನಿಜ, ಕಾಫಿ ತೋಟದ ಸಿಲ್ವರ್ ಓಕ್ ಕೂಡ ಆ ಖಂಡದ ಮರವೇ. ಆದರೆ ಅಕೇಶಿಯಾ ಎಂಬ ಹೆಸರಿನಲ್ಲಿ ಆಸ್ಟ್ರೇಲಿಯಾದಲ್ಲಿ ಸಾವಿರದಷ್ಟು ಪ್ರಭೇದಗಳಿದ್ದು, ತಿನ್ನಲು ಬಳಸುವಂಥವು ಕೆಲವೇ. ಅಂಗಡಿಯ ವಾಟಲ್ ಪುಡಿ ಅಂಥ ಆಯ್ದ ಪ್ರಭೇದಗಳ ಬೀಜವನ್ನು ಹದವಾಗಿ ಹುರಿದು ಬೀಸಿದ್ದು. ಕಾಫಿ, ಚಾಕೊಲೇಟ್, ಹುರಿದ ಕಡಲೆಬೀಜ ಮೂರೂ ಸೇರಿದಂಥ ಅದರ ಪರಿಮಳಕ್ಕೆ ಆ ಹುರಿಯುವಿಕೆಯೇ ಕಾರಣ. ಒಂದು ಲೋಟ ಬಿಸಿ ಹಾಲಿಗೆ ಅರ್ಧ ಚಮಚ ಪುಡಿ, ಸ್ವಲ್ಪ ಬೆಲ್ಲ ಹಾಕಿ, ಎರಡು ನಿಮಿಷ ಮುಚ್ಚಿಟ್ಟು ಸೋಸಿದರೆ ಸಾಕು. ಕಾಫಿಯ ನಿದ್ರೆಗೇಡು ಇದರಲ್ಲಿಲ್ಲದ ಕಾರಣ ರಾತ್ರಿಯೂ ಕುಡಿಯಬಹುದು.